ಮೇಲಿರಬೇಕಾದ ಕಂಬಿ

ಅಲ್ಲ ಮಗು, ಕೂತ್ಕೊಂಡು ಮಾತಾಡು. ಹೀಗೆ ಬಾಗಿಲಲ್ಲಿ ನಿಂತು ಮಾತಾಡಿದ್ರೆ ರಾಜೀನಾಮೆ ಕೊಡೋಕೆ ಬಂದೋರ ಹಾಗೆ ಕಾಣ್ತೀಯ... ರಾಜೀನಾಮೆ ಅಲ್ಲ ತಾನೆ? ಅಬ್ಬ, ಸದ್ಯ. ಈ ವರ್ಷ ಆ ಕಾಗದ ನೋಡಿ ನೋಡಿ ಸಾಕಾಗಿದೆ. ಆ ಕುರ್ಚಿ ಬೇಡ, ಅದರ ಒಂದು ಕಾಲು ಅಲ್ಲಾಡುತ್ತೆ. ಸಿವಿಲ್ ವಿಭಾಗದ ಮುಖ್ಯಸ್ಥೆ ಕೋಣೇಲಿ ನೆಟ್ಟಗೆ ನಿಲ್ಲೋ ಒಂದು ಕುರ್ಚಿ ಇಲ್ಲ, ನೋಡು... ನಗಲ್ವಾ? ಸರಿ.

ಈಗ ಇನ್ನೊಂದು ಸಲ ನಿಧಾನಕ್ಕೆ ಹೇಳು. ಆ ಹುಡುಗ ನಕ್ಷೆ ತಂದು ತೋರಿಸಿದ. ಅವರಪ್ಪ ಕಟ್ಟಿಸ್ತಿರೋ ಮನೆಯ ಬಾಲ್ಕನಿ, ತಾನೇ ಬರೆದಿದ್ದು... ಹೂಂ. ಕಾಂಕ್ರೀಟಿನೊಳಗೆ ಹಾಕೋ ಕಂಬಿ ಅಷ್ಟನ್ನೂ ಕೆಳಭಾಗದಲ್ಲಿ ಬರೆದಿದ್ದ. 'ನೀವು ಹೇಳ್ಕೊಟ್ಟ ಹಾಗೇ ಮಾಡಿದೀನಿ ಮೇಡಂ' ಅಂದ. ಆಗ ಗೊತ್ತಾಯ್ತು ನಿನಗೆ, ತಪ್ಪು ಹೇಳ್ಕೊಟ್ಟಿದ್ದು ನೀನೇ ಅಂತ.

ಕಾಂಕ್ರೀಟ್ ಹಾಕಿಲ್ಲ ತಾನೆ ಇನ್ನೂ? ... ಹಾಕಿಲ್ಲ. ಕಂಬಿ ಮೇಲಿರಬೇಕು ಅಂತ ಅವನಿಗೆ ತಿದ್ದಿ ಹೇಳಿದೀಯ. ಅವನು ಒಪ್ಪಿಕೊಂಡಿದಾನೆ. ಮತ್ತೆ? ಅಲ್ಲಿಗೆ ಮುಗೀತಲ್ಲ. ದೊಡ್ಡದೊಂದು ಗಂಡಾಂತರ ತಪ್ಪಿಸಿದೀಯ, ಅಳೋ ಮುಖ ಯಾಕೆ?

ಉಳಿದೋರು... ಹೌದು, ಉಳಿದೋರು ಇದಾರೆ.

ಟೀ ಕುಡಿ ಮೊದಲು. ಫ್ಲಾಸ್ಕಲ್ಲಿ ಬಿಸಿ ಇದೆ. ಹುಡುಗರ ಬಸ್ಸಿನ ಯೋಚನೆ ಬಿಡು, ಅದು ಹೊರಡೋಕೆ ಇನ್ನೂ ಹೊತ್ತಿದೆ. ಎಲ್ಲಾ ದೊಡ್ಡ ಹಾಲಲ್ಲೇ ಇದಾರೆ, ತರಬೇತಿ ಪತ್ರ ಹಂಚ್ತಿದಾರೆ. ಗೊತ್ತು, ಗೊತ್ತು. ಇವತ್ತು ಚದುರಿದ್ರೆ ಆಮೇಲೆ ಸಿಗಲ್ಲ, ಒಬ್ಬೊಬ್ಬ ಒಂದೊಂದು ಕಟ್ಟಡದ ಕೆಲಸಕ್ಕೆ ಹೋಗ್ತಾನೆ. ಆದ್ರೆ ನೀನು ಈಗ ಹೋಗಿ ಅಷ್ಟು ಜನರ ಮುಂದೆ ನಿಂತು 'ನಾನು ತಲೆಕೆಳಗಾಗಿ ಪಾಠ ಮಾಡಿದೀನಿ' ಅಂದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿದೀಯ? ಇವರೇನು ಸಾಮಾನ್ಯ ಹುಡುಗರಾ? ವರ್ಷಗಟ್ಟಲೆ ರಾತ್ರಿ ಹಗಲು ಓದಿ, ಪ್ರವೇಶ ಪರೀಕ್ಷೇಲಿ ಗೆದ್ದು, ಗೇಟಿನ ಮೇಲಿರೋ ಹೆಸರು ನೋಡಿ ಬಂದೋರು. ಸಂಜೆಯೊಳಗೆ ಮನೆಗೆ ಫೋನ್ ಹೋಗುತ್ತೆ. ಮುಂದಿನ ವಾರ ಪರಿಶೀಲನೆಯವರು ಬರ್ತಿದಾರೆ. ಅವರು ಒಪ್ಪಿದ್ರೆ ಮುಂದಿನ ವರ್ಷ ಸೀಟು ಎರಡರಷ್ಟು...

ಯಾಕೆ ನಗ್ತೀಯ ಈಗ? ಕುರ್ಚಿ ವಿಷಯಕ್ಕೆ ನಗಲಿಲ್ಲ, ಇದಕ್ಕೆ ನಕ್ಕೆ.

ನಗು. ನಗೋ ವಿಷಯವೇ. ಇರೋರಿಗೆ ಪಾಠ ಮಾಡೋರಿಲ್ಲ, ಎರಡರಷ್ಟು ಬಂದ್ರೆ ಯಾರು ಮಾಡ್ತಾರೆ ಅಂತ ತಾನೆ? ನಾನೂ ಆಡಳಿತ ಮಂಡಳಿಯ ದೊಡ್ಡವರನ್ನ ಅದನ್ನೇ ಕೇಳಿದೆ. 'ಮೊದಲು ಗೋಡೆ ಏಳಲಿ ಮೇಡಂ, ಮೇಷ್ಟ್ರು ತಾವಾಗಿಯೇ ಬರ್ತಾರೆ' ಅಂದ್ರು. ಗೋಡೆ ಎದ್ದು ಮೂರು ವರ್ಷ ಆಯ್ತು. ಪ್ರಯೋಗಾಲಯದಲ್ಲಿ ಆ ದೊಡ್ಡ ಯಂತ್ರ ಇನ್ನೂ ಮರದ ಪೆಟ್ಟಿಗೇಲೇ ಇದೆ. ಅದನ್ನ ನಡೆಸೋಕೆ ಬಲ್ಲೋನು ಒಬ್ಬನೂ ಬರಲಿಲ್ಲ. ಹುಡುಗರು ಅದರ ಮೇಲೆ ಕೂತು ಊಟದ ಡಬ್ಬಿ ಬಿಚ್ತಾರೆ. ಹೋದ ಸಲ ಪರಿಶೀಲನೆಗೆ ಇದೇ ಹೆಸರಿನ ನಮ್ಮ ಹಳೇ ಕಾಲೇಜಿನಿಂದ ಬಸ್ಸಲ್ಲಿ ಮೇಷ್ಟ್ರುಗಳನ್ನ ಕರೆಸಿ, ಇಲ್ಲಿಯೋರೇ ಅಂತ ಬಾಗಿಲು ಬಾಗಿಲಿಗೆ ಹೆಸರು ಅಂಟಿಸಿದ್ವಲ್ಲ. ಪಾಪ, ಆ ಗಣಿತದವರು ಮಣ್ಣು ಪರೀಕ್ಷೆಯವರ ಕೋಣೇಲಿ ಹೋಗಿ ಕೂತು, ಯಾವ ಮಣ್ಣು ಒಳ್ಳೇದು ಅಂತ ಕೇಳಿದ್ದಕ್ಕೆ 'ನಮ್ಮನೆ ಹಿತ್ತಲಿಂದು' ಅಂದುಬಿಟ್ರು. ಅದನ್ನ ನೆನೆಸಿಕೊಂಡು ನಾವಿಬ್ಬರೂ ಎಷ್ಟು ನಕ್ಕಿದ್ವಿ, ಇದೇ ಕೋಣೇಲಿ.

ಆವಾಗ ನಗೋಕೆ ಬಂತು.

ನೋಡು, ನಿನ್ನ ತಪ್ಪೇನಿದೆ ಇದರಲ್ಲಿ? ನೀನು ಓದಿದ್ದು ನೀರು. ಕಾಲುವೆ, ಹರಿವು, ಅಣೆಕಟ್ಟಿನ ತೂಬು. ಅದರಲ್ಲಿ ನಿನ್ನಂಥೋಳು ಸಿಗಲ್ಲ. ಮುಂದೆ ಸಂಶೋಧನೆಗೆ ಹೋಗ್ಬೇಕಾದೋಳನ್ನ 'ಒಂದು ವರ್ಷ ಇರು, ನನಗೋಸ್ಕರ ಇರು' ಅಂತ ಕಟ್ಟಿಹಾಕಿದ್ದು ನಾನು. ಕಾಂಕ್ರೀಟ್ ಪಾಠದೋನು ಅರ್ಧಕ್ಕೆ ಬಿಟ್ಟು ಓಡಿಹೋದಾಗ ಆ ಪುಸ್ತಕ ನಿನ್ನ ಕೈಗೆ ಹಾಕಿದ್ದೂ ನಾನೇ. 'ನನಗೆ ಇದು ಸರಿಯಾಗಿ ಬರಲ್ಲ ಮೇಡಂ' ಅಂದೆ ನೀನು. ಎರಡು ಸಲ ಅಂದೆ. ನಾನೇನಂದೆ? 'ಓದ್ಕೊಂಡು ಹೋಗು, ಬರುತ್ತೆ' ಅಂದೆ. ಹುಡುಗರಿಗಿಂತ ಒಂದು ಪುಟ ಮುಂದಿದ್ರೆ ಸಾಕು ಅಂದೆ.

ಸುಳ್ಳು, ಸಾಕಾಗಲ್ಲ. ನಲವತ್ತು ವರ್ಷ ಪಾಠ ಮಾಡಿದೋಳು ನಾನು, ಅಷ್ಟು ಗೊತ್ತಾಗಲ್ವಾ ನನಗೆ? ಹಳೇ ಕಾಲೇಜಲ್ಲಿ ನಿಮ್ಮ ತರಗತಿಗೆ ನಾನು ಈ ಪಾಠ ಹೇಗೆ ಮಾಡಿದ್ದೆ, ನೆನಪಿದೆಯಾ? ... ಹೌದು, ಬಕೆಟ್ಟು. ನಿಮ್ಮಲ್ಲೇ ಒಬ್ಬನ ಕೈ ಚಾಚಿಸಿ, ನೀರು ತುಂಬಿದ ಬಕೆಟ್ ಕೊಟ್ಟು, ಎಲ್ಲಿ ಎಳೀತಿದೆ ಹೇಳಪ್ಪಾ ಅಂತ ಕೇಳ್ತಿದ್ದೆ. ತೋಳಿನ ಮೇಲುಗಡೆ ಎಳೀತಿದೆ ಅಂತ ಅವನ ಬಾಯಿಂದಲೇ ಬರ್ತಿತ್ತು. ಬಾಲ್ಕನಿ ಅಂದ್ರೆ ಗೋಡೆ ಚಾಚಿದ ಕೈ. ಮೇಲುಗಡೆ ಎಳೀತದೆ, ಬಿರುಕು ಮೇಲೆ ಬಿಡುತ್ತೆ, ಕಂಬಿ ಮೇಲಿರಬೇಕು. ಕೆಳಗೆ ಹಾಕಿದ್ರೆ ಅದು ಇದ್ದೂ ಇಲ್ಲದ ಹಾಗೆ. ನೀನು ಆವತ್ತು ರಜೆ ಹಾಕಿದ್ಯೋ ಏನೋ... ಇದ್ದೆಯಾ? ಮತ್ತೆ ಹೇಗೆ... ಹೋಗಲಿ ಬಿಡು. ಒತ್ತಡ. ವಾರಕ್ಕೆ ಅಷ್ಟು ಗಂಟೆ ಪಾಠ ಮಾಡಿದ್ರೆ ತಾಯಿ ಹೆಸರೂ ಮರೆತುಹೋಗುತ್ತೆ.

ನನ್ನ ಮಾತು ಕೇಳು. ಮುಂದಿನ ವರ್ಷ ಅವರು ವಾಪಸ್ ಬಂದಮೇಲೆ ಬೇರೆ ಪಾಠದ ಮಧ್ಯೆ ಸಣ್ಣಗೆ ಸೇರಿಸಿ ತಿದ್ದಿಬಿಡು. ಯಾರಿಗೂ ಗೊತ್ತಾಗಲ್ಲ. ತರಬೇತೀಲಿ ಅವರ ಕೈಗೆ ಯಾರೂ ಬಾಲ್ಕನಿ ಕೊಡಲ್ಲ, ಇಟ್ಟಿಗೆ ಎಣಿಸೋಕೆ ಹಚ್ತಾರೆ ಅಷ್ಟೆ... ಆ ಹುಡುಗನಿಗೆ ಅವರಪ್ಪ ಕೊಟ್ಟಿದಾನೆ, ಹೌದು. ಅವನೊಬ್ಬ.

ಅವನೊಬ್ಬನೇ ಅಂತ ನಾನು ಹೇಗೆ ಹೇಳ್ಲಿ.

ಏಳಬೇಡ. ಏಳಬೇಡ, ಎರಡು ನಿಮಿಷ. ಪಾಠ ಮಾಡೋಕೆ ಲಾಯಕ್ಕಿಲ್ಲ ಅಂತ ನಿನ್ನ ಬಗ್ಗೆ ನೀನೇ ಹೇಳ್ಕೋಬೇಡ, ನನಗೆ ತಡೆಯೋಕಾಗಲ್ಲ. ಎಷ್ಟು ಧೈರ್ಯವಾಗಿ ಮಾಡ್ತೀಯ ನೀನು. ಎರಡು ತರಗತಿ ಒಟ್ಟಿಗೆ ಸೇರಿಸಿ ಕೂಡಿಸಿದ್ರೂ ಹೆದರಲಿಲ್ಲ. ಆ ದಪ್ಪ ಕನ್ನಡಕದ ಹುಡುಗಿ ಎದ್ದು ನಿಂತು, 'ಕಂಬಿ ಮೇಲಿರಬೇಡವಾ ಮೇಡಂ' ಅಂತ ಕೇಳಿದಾಗಲೂ ನೀನು ತಡವರಿಸಲಿಲ್ಲ. ಭಾರ ಕೆಳಗೆ ಎಳೀತದಲ್ಲ, ಅದಕ್ಕೇ ಕಂಬಿ ಕೆಳಗೆ ಅಂತ ನಗ್ತಾ ನಗ್ತಾ ಹೇಳಿ, ಅವಳನ್ನ ಪ್ರೀತಿಯಿಂದ ಕೂಡಿಸಿದೆ. ತಪ್ಪೋ ಸರಿಯೋ, ಮಕ್ಕಳನ್ನ ಬೈಯದೆ ಮಾತಾಡ್ಸೋ ಆ ಗುಣ...

ಏನು?

ಯಾಕೆ ಹಾಗೆ ನೋಡ್ತೀಯ?

ನೀನೇ ಈಗ ಹೇಳಿದ್ಯಲ್ಲ. ಆ ಹುಡುಗಿ ವಿಷಯ. ಬಂದಕೂಡಲೇ ಹೇಳಿದೆ... ಹೇಳಲಿಲ್ವಾ? ಬರೀ ನಕ್ಷೆ ತಂದ ಹುಡುಗನ ವಿಷಯ ಮಾತ್ರ ಹೇಳಿದ್ಯಾ? ಹಾಗಾದ್ರೆ ಬೇರೆ ಯಾರೋ... ಅಟೆಂಡರ್ ಇರಬೇಕು, ಅವನು ಎಲ್ಲಾ ಸುದ್ದಿ ತಂದು... ಅಟೆಂಡರ್‌ಗೆ ಕಂಬಿ ಮೇಲೋ ಕೆಳಗೋ ಏನು ಗೊತ್ತಾಗುತ್ತೆ. ಹೌದು. ಅದೂ ಸರಿ.

ಕೇಳು ಮಗು, ಹೇಳ್ತೀನಿ.

ಈ ಗೋಡೆ ಆಚೆಗೇ ಆ ಹಾಲ್. ನೀನು ಮೈಕ್ ಹಾಕ್ಕೊಂಡು ಮಾಡಿದ್ದು ಇಲ್ಲಿ ಕೂತ್ರೂ ಕೇಳುತ್ತೆ. ಆವತ್ತು ನಾನು ಏನೋ ಸಹಿ ಹಾಕ್ತಾ ಕೂತಿದ್ದೆ. 'ಕಂಬಿ ಕೆಳಗೆ' ಅನ್ನೋದು ಕಿವಿಗೆ ಬಿತ್ತು. ನಾನೇ ತಪ್ಪು ಕೇಳಿಸಿಕೊಂಡೆ ಅನ್ಕೊಂಡೆ. ಎದ್ದು ಹಾಲಿನ ಹಿಂದಿನ ಬಾಗಿಲಿಗೆ ಬಂದೆ. ನೀನು ಬೋರ್ಡಿನ ಕಡೆ ತಿರುಗಿದ್ದೆ, ಕೆಂಪು ಸೀಮೆಸುಣ್ಣದಲ್ಲಿ ಕಂಬಿ ಬರೀತಿದ್ದೆ. ಎಲ್ಲರೂ ತಲೆ ಬಗ್ಗಿಸಿ ಬರ್ಕೊಳ್ತಿದ್ರು. ಅಷ್ಟು ತಲೆ, ಒಂದೂ ಮೇಲೇಳಲಿಲ್ಲ. ಆ ಹುಡುಗಿ ಒಬ್ಬಳೇ ಎದ್ಲು. ನಾನು ಅವಳ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವಳು ಕೂತ್ಕೊಂಡ್ಳು. ನಾನು ವಾಪಸ್ ಬಂದೆ.

ನೀವೆಲ್ಲಾ ನನಗೆ ಸುತ್ತಿಗೆ ಅಂತ ಹೆಸರಿಟ್ಟಿದ್ರಿ, ನನಗೆ ಗೊತ್ತಿಲ್ಲ ಅನ್ಕೊಂಡ್ಯಾ? ಎಲ್ಲಿ ತಪ್ಪು ಕಂಡ್ರೂ ಹೊಡೀತಾಳೆ ಅಂತ.

ಆ ವಾರದಲ್ಲೇ ಇಬ್ಬರು ಮೇಷ್ಟ್ರು ಬಿಟ್ಟುಹೋಗಿದ್ರು. ನಿನಗೆ ಹೇಳಿದ್ರೆ ನೀನೂ ಹೋಗ್ತೀಯ ಅಂತ ಭಯ ಆಯ್ತು. ಖಂಡಿತ ಹೋಗ್ತಿದ್ದೆ, ನಿನ್ನ ಮನಸ್ಸು ನನಗೆ ಗೊತ್ತು. ಸಂಜೆ ಒಬ್ಬಳೇ ಸಿಕ್ಕಾಗ ಹೇಳಿದ್ರಾಯ್ತು ಅನ್ಕೊಂಡೆ. ಸಂಜೆ ನೀನು ಬಂದೆ, ದಣಿದಿದ್ದೆ, 'ಹೇಗಿತ್ತು ಮೇಡಂ, ನನ್ನ ಪಾಠ ಕೇಳಿಸ್ತಾ' ಅಂದೆ. ನಾನು... ಚೆನ್ನಾಗಿತ್ತು ಅಂದೆ.

ನೆನಪಿದೆ ಅಲ್ವಾ.

ಆಮೇಲೆ ದಿನ ಕಳೆದ ಹಾಗೆ ಹೇಳೋದು ಇನ್ನೂ ಕಷ್ಟ ಆಯ್ತು. ಇಷ್ಟು ದಿನ ಯಾಕೆ ಸುಮ್ಮನಿದ್ರಿ ಅಂತ ನೀನು ಕೇಳಿದ್ರೆ? ಹೀಗೆ, ಈಗ ನೋಡ್ತಿರೋ ಹಾಗೆ ನೋಡಿದ್ರೆ?

ಅಷ್ಟೇ. ಇನ್ನೇನೂ ಇಲ್ಲ.

... ಯಾವ ಪ್ರಶ್ನೆ?

ಪರೀಕ್ಷೆ ಪ್ರಶ್ನೆಪತ್ರಿಕೆ ತುಂಬಾ ಉದ್ದ ಆಗಿತ್ತು. ನೀನು ಬರೆದು ಕೊಟ್ಟಿದ್ದನ್ನೆಲ್ಲಾ ಹಾಕೋಕೆ ಆಗಲ್ಲ, ಮುಖ್ಯಸ್ಥೆ ಆದೋಳು ಒಂದೆರಡು ತೆಗೆದೇ ತೆಗೀತಾಳೆ... ಬಾಲ್ಕನಿ ಪ್ರಶ್ನೆ ಇತ್ತಾ ಅದರಲ್ಲಿ? ಇದ್ದಿರಬಹುದು. ಅದೇ ಹೋಯ್ತೋ ಏನೋ, ನನಗೆ ಸರಿಯಾಗಿ...

ಬೈಯೋದಾದ್ರೆ ಬೈದುಬಿಡು.

ಇತ್ತು. ಅದೊಂದನ್ನೇ ತೆಗೆದೆ. ಉತ್ತರಪತ್ರಿಕೆ ತಿದ್ದೋರು ಹೊರಗಿನೋರು. ಅಷ್ಟು ಹುಡುಗರೂ ಒಂದೇ ಥರ ಕೆಳಗೆ ಬರೆದಿದ್ರೆ ಅವರಿಗೆ ಅರ್ಥ ಆಗಿಬಿಡ್ತಿತ್ತು, ಇದು ಮಕ್ಕಳ ತಪ್ಪಲ್ಲ ಅಂತ. ಪತ್ರಿಕೇಲಿ ಅದು ಇದ್ದಿದ್ರೆ ಆವತ್ತೇ ಗೊತ್ತಾಗ್ತಿತ್ತು ನಿನಗೂ. ಆ ಹುಡುಗ ನಕ್ಷೆ ಬರೀತಾ ಇರಲಿಲ್ಲ. ನೀನು ನೀನಾಗಿ ಕೇಳದೇ ಹೋಗಿದ್ರೆ ನಾನು ಇದನ್ನ ಇವತ್ತೂ... ಅಲ್ಲ. ಯಾವತ್ತೂ ಹೇಳ್ತಿರಲಿಲ್ಲ.

ನಿನ್ನನ್ನ ಉಳಿಸ್ಕೋಬೇಕು ಅಂತ ಮಾಡಿದೆ ಅಂತ ಹೇಳ್ಕೊಂಡೇ ಬಂದಿದೀನಿ ನನಗೆ ನಾನೇ.

ಹಾಲಲ್ಲಿ ಕುರ್ಚಿ ಸರಿಸ್ತಿದಾರೆ. ಹೊರಡ್ತಿದಾರೆ ಅನ್ಸುತ್ತೆ. ಹೋಗು, ನಾನು ತಡೆಯಲ್ಲ. ಪಾಠ ತಪ್ಪಾಗಿತ್ತು ಅಂತ ಹೇಳು, ಬೋರ್ಡಿನ ಮೇಲೆ ಸರಿಯಾಗಿ ಬರೆದು ತೋರಿಸು. ಪ್ರಶ್ನೆ ವಿಷಯ ಮಾತ್ರ... ಅದನ್ನ ಹೇಳ್ಬೇಕೂಂತ ಏನಿಲ್ಲ. ಅದರಿಂದ ಮಕ್ಕಳಿಗೇನೂ ಉಪಯೋಗ ಇಲ್ಲ.

ಯಾಕೆ ನಿಂತೆ? ಹೋಗು ಅಂದ್ನಲ್ಲ.

ಬಾಗಿಲು ಹಿಡ್ಕೊಂಡು ಯಾರನ್ನ ಕಾಯ್ತಿದ್ದೀಯ?

... ನನ್ನನ್ನಾ.

ನಾನು ಬಂದು ಏನು ಹೇಳ್ಲಿ ಮಗು ಅವರಿಗೆ? ಎಲ್ಲಿಂದ ಶುರು ಮಾಡ್ಲಿ? ನೀನು ಹೇಳು, ನಾನು ಪಕ್ಕದಲ್ಲಿ ನಿಂತಿರ್ತೀನಿ, ಆಗಲ್ವಾ? ... ಆಗಲ್ಲ.

ಸರಿ. ಆ ಬಾಗಿಲು ಭಾರ ಇದೆ, ಕೈ ಬಿಡು, ನಾನು ಹಿಡ್ಕೋತೀನಿ. ಓಡಿಹೋಗಿ ಅವರನ್ನ ಕೂಡಿಸು. ನಾನು ಬಂದೆ.