ಸುಧಾರಿಸಿದಂತೆ ಕಂಡ ಮಗು

ಹೇಮಶ್ರೀ ಮೇಡಂ ಅವರ ಪತಿ ರೇಣುಕಾಪ್ರಸಾದ್ ಸರ್, ಮಗಳು ಪೂಜಾ, ಆಸ್ಪತ್ರೆಯ ನನ್ನ ಸಹೋದ್ಯೋಗಿಗಳೇ, ಗುಬ್ಬಿ, ಕುಣಿಗಲ್ ಕಡೆಯಿಂದ ಮಕ್ಕಳನ್ನು ಎತ್ತಿಕೊಂಡು ಬಂದಿರುವ ತಾಯಂದಿರೇ, ಅಜ್ಜಿಯರೇ — ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರೇ — ಎಲ್ಲರಿಗೂ ನಮಸ್ಕಾರ.

ನಾನು ಗೋವಿಂದರಾಜು. ಮಕ್ಕಳ ಹೃದಯದ ಸ್ಕ್ಯಾನ್ ಮಾಡುವ ವೈದ್ಯ. ಡಾಕ್ಟರ್ ಹೇಮಶ್ರೀ ಅವರ ಕೊಠಡಿಯ ಪಕ್ಕದ ಕೊಠಡಿ ನನ್ನದು. ಮಧ್ಯದಲ್ಲಿ ಒಂದು ಬಾಗಿಲು. ಆ ಬಾಗಿಲಿಗೆ ಚಿಲಕ ಹಾಕಿದ್ದು ನನಗೆ ನೆನಪಿಲ್ಲ. ಹೋದ ತಿಂಗಳು ಮಿದುಳಿನಲ್ಲಿ ರಕ್ತಸ್ರಾವವಾಗಿ ಮೇಡಂ ಹೋದರು. ಈಗ ಆ ಬಾಗಿಲು ಹಾಕಿದೆ.

ಮೇಡಂಗೆ ದೊಡ್ಡ ಮಾತು ಆಗುತ್ತಿರಲಿಲ್ಲ. ಹಾಗಾಗಿ ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮೂರು ವರ್ಷದ ಒಬ್ಬ ಹುಡುಗನನ್ನು ಅವನ ತಂದೆ ಕರೆತಂದರು. ಓಡಿದರೆ ಹುಡುಗನ ತುಟಿ ನೀಲಿಯಾಗುತ್ತಿತ್ತು. ಹುಟ್ಟಿದಾಗಲೇ ಹೃದಯದ ಗೋಡೆಯಲ್ಲಿ ರಂಧ್ರ ಇತ್ತು. ಆ ರಂಧ್ರದಿಂದ ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಹೆಚ್ಚು ರಕ್ತ ನುಗ್ಗುತ್ತದೆ. ನುಗ್ಗಿ ನುಗ್ಗಿ ಅಲ್ಲಿನ ರಕ್ತನಾಳಗಳು ದಪ್ಪಗಾಗುತ್ತವೆ, ಕಿರಿದಾಗುತ್ತವೆ. ಒಂದು ಹಂತ ದಾಟಿದರೆ ರಂಧ್ರ ಮುಚ್ಚುವ ಆಪರೇಷನ್ ಮಾಡುವ ಹಾಗಿಲ್ಲ. ಮಾಡಿದರೆ ಹೃದಯ ಆ ಒತ್ತಡ ತಡೆಯುವುದಿಲ್ಲ. ಆ ಹುಡುಗನ ವಿಷಯದಲ್ಲಿ ಆ ಹಂತ ದಾಟಿತ್ತು.

ತಂದೆ ಕೇಳಿದ್ದು ಒಂದೇ ಮಾತು. “ಚೆನ್ನಾಗಿದ್ನಲ್ಲ ಮೇಡಂ. ಚೆನ್ನಾಗಿದ್ನಲ್ಲ ಅಂತಾನೇ ಕರ್ಕೊಂಬರ್ಲಿಲ್ಲ.”

ಮೇಡಂ ಅವರ ಸಂಶೋಧನೆ ಶುರುವಾದದ್ದು ಆ ಮಾತಿನಿಂದ. ಆ ಹುಡುಗ ಈಗಲೂ ಮಾತ್ರೆಯ ಮೇಲಿದ್ದಾನೆ. ಮುಂದೇನು ಎಂದು ಯಾರಿಗೂ ಗೊತ್ತಿಲ್ಲ.

ಈ ಕಾಯಿಲೆಯ ಮೋಸ ಇದೇ. ರಕ್ತನಾಳ ಕಿರಿದಾಗತೊಡಗಿದಾಗ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗುತ್ತದೆ. ಏದುಸಿರು ನಿಲ್ಲುತ್ತದೆ. ಮಗು ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ, ಕೆನ್ನೆ ತುಂಬುತ್ತದೆ. ಒಳಗೆ ಕಾಯಿಲೆ ಬಲಿಯುತ್ತಿದೆ — ಹೊರಗೆ ಮಗು ಸುಧಾರಿಸಿದಂತೆ ಕಾಣುತ್ತದೆ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಮುಗಿಸಿ ಐದನೇ ತಿಂಗಳಿಗೆ ತಾಯಿ, ಮಗು ಗಂಡನ ಮನೆಗೆ. ಗುಬ್ಬಿಯಲ್ಲಿ ಮರುಪರೀಕ್ಷೆಗೆ ಹೆಸರು ಬರೆಸಿದ ಮಗು ಕುಣಿಗಲ್‌ಗೆ ಹೋಗಿರುತ್ತದೆ. ‘ಮಗು ಪತ್ತೆಯಿಲ್ಲ’ ಎಂದು ನಾವು ಬರೆದುಬಿಡುತ್ತಿದ್ದೆವು. ಮೇಡಂ ನಗುತ್ತಿದ್ದರು — “ಪತ್ತೆ ಇಲ್ದೆ ಎಲ್ಲಿ ಹೋಗುತ್ತೆ ಗೋವಿಂದರಾಜು ಅವ್ರೇ? ಅಪ್ಪನ ಮನೇಲಿರುತ್ತೆ, ನಡೀರಿ.” ಹಾಗಾಗಿ ಬಾಣಂತಿಯನ್ನು ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ, “ಗಂಡನ ಮನೆ ಯಾವೂರಮ್ಮ?” ಹೊಸದಾಗಿ ಬಂದ ನರ್ಸ್‌ಗಳು, ಮೇಡಂ ಸಂಬಂಧ ಹುಡುಕುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು!

ಈಗ ನಾನು ಹೇಳುವ ಮಗು ಈ ಸಭೆಯಲ್ಲೇ ಇದೆ. ಅಜ್ಜಿ ಪುಟ್ಟಗಂಗಮ್ಮನವರ ತೊಡೆಯ ಮೇಲೆ. ಹೇಳಬಹುದೇ ಎಂದು ಮೊದಲೇ ಕೇಳಿಕೊಂಡಿದ್ದೇನೆ. “ಹೇಳ್ಕಳಿ, ಅದೇನ್ ಕದ್ದ ಮಾತಾ?” ಎಂದರು. ಪಕ್ಕದಲ್ಲಿರುವವರು ಮಗುವಿನ ತಾಯಿ ಸುಶ್ಮಿತಾ. ತವರು ಗುಬ್ಬಿ ತಾಲ್ಲೂಕಿನ ಚೇಳೂರು, ಗಂಡನ ಮನೆ ಕುಣಿಗಲ್ ಹತ್ತಿರದ ಹಳ್ಳಿ.

ತವರಿನಲ್ಲಿದ್ದಾಗ ಈ ಕೂಸು ಎರಡು ಗುಟುಕು ಹಾಲು ಕುಡಿದರೆ ಏದುಸಿರು ಬಿಡುತ್ತಿತ್ತು. ಗಂಡನ ಮನೆಗೆ ಬಂದು ಎರಡು ತಿಂಗಳಲ್ಲಿ ಮೈ ತುಂಬಿಕೊಂಡಿತು. ಪರೀಕ್ಷೆಗೆ ಬಂದ ಪುಟ್ಟಗಂಗಮ್ಮನವರು ಮೇಡಂ ಎದುರು ಮಗುವನ್ನು ಹೀಗೆ ಎತ್ತಿ ಹಿಡಿದು ತೋರಿಸಿದರು.

“ನೋಡಿ ಡಾಕ್ಟ್ರಮ್ಮ, ಬೀಗ್ರ ಮನೇಲಿ ಕೂಸು ಒಣಗೋಗಿತ್ತು. ನಮ್ಮೂರ್ ನೀರು ಹಿಡೀತು!”

ಸೊಸೆ ಬಿಡಲಿಲ್ಲ. “ನಿಮ್ಮೂರಿಗೆ ಹೇಮಾವತಿ ನಾಲೆ ನೀರು ಬಂದ್ರೆ ತಾನೇ ಅತ್ತೆ, ಹಿಡಿಯಾಕೆ?”

“ಎಲ್ಲಾ ನಿಮ್ ಗುಬ್ಬಿಯೋರೇ ಕುಡ್ಕಂಡ್ರೆ ಎಲ್ಲಿಂದ ಬತ್ತದೆ?”

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೈ ಎತ್ತಿದರು — “ಒಂದು ನಿಮಿಷ. ಯಾರೂ ಮಾತಾಡಬೇಡಿ.”

ಇದು ಅವರ ಪದ್ಧತಿ. ಮಗುವಿನ ಉಸಿರು ಎಣಿಸುವಾಗ ಇಡೀ ವಾರ್ಡ್ ಸುಮ್ಮನಿರಬೇಕು. ಯಂತ್ರ ಇದ್ದರೂ ಅಷ್ಟೇ. ಫ್ಯಾನ್ ಕೂಡ ಆಫ್. ನಮ್ಮ ವಾರ್ಡ್‌ನ ದಾಸಯ್ಯ ಗೊಣಗುತ್ತಿದ್ದರು, “ಮೇಡಂ ಬಂದ್ರು, ನೀವೂ ಉಸ್ರು ಬಿಗಿ ಹಿಡ್ಕಳ್ರಪ್ಪ.”

ಅಂದು ಉಸಿರಾಟ ಸರಿಯಾಗಿತ್ತು. ಆಮೇಲೆ ಸ್ಕ್ಯಾನ್ ಮಾಡಿದವನು ನಾನು. ರಂಧ್ರ ಮೊದಲಿದ್ದಷ್ಟೇ ಇತ್ತು. ಶ್ವಾಸಕೋಶದ ಒತ್ತಡ ಏರಿತ್ತು. ಮಗು ಚೆನ್ನಾಗಿತ್ತು. ಸ್ಕ್ಯಾನ್ ಚೆನ್ನಾಗಿರಲಿಲ್ಲ.

ಮೇಡಂ ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತರು. “ಅಮ್ಮ, ತೋಟದ ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಕೊಳ್ಳುತ್ತಲ್ಲ. ನೀರು ಹರಿಯೋದು ಕಮ್ಮಿ ಆಗುತ್ತೆ. ಗಿಡದ ಬುಡದ ಕೆಸರು ಹೋಯ್ತು ಅಂತ ಖುಷಿಪಡ್ತೀರಾ? ಮೋಟ್ರು ಏನು ಪಾಡು ಪಡ್ತಿದೆ ಅಂತ ನೋಡಲ್ವಾ?”

ಬೆಂಗಳೂರಿಗೆ ಹೋಗಬೇಕು, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಬಿಟ್ಟು ಒತ್ತಡ ಅಳೆಯಬೇಕು, ಆಪರೇಷನ್ ಮಾಡಬಹುದೇ ಎಂದು ಆಮೇಲೆ ತಿಳಿಯುತ್ತದೆ ಎಂದು ಮೇಡಂ ಹೇಳಿದಾಗ ಅಜ್ಜಿ ಒಂದು ಷರತ್ತು ಹಾಕಿದರು. “ನೀವೇ ಎತ್ಕಂಡು ಒಳೀಕೆ ಹೋಗ್ಬೇಕು. ಬ್ಯಾರೆಯೋರ್ ಕೈಗೆ ಕೊಡಾಕಿಲ್ಲ.” ಮೇಡಂ ಒಪ್ಪಿದರು.

ಆ ಪರೀಕ್ಷೆ ಬರುವ ಸೋಮವಾರ.

ಈ ಸಂಜೆ ಗೇಟಿನ ಹತ್ತಿರ ಸಿಕ್ಕಾಗ ಪುಟ್ಟಗಂಗಮ್ಮನವರು ಹೇಳಿದರು, “ಕೂಸು ಆಡ್ಕಂಡೈತೆ. ಎತ್ಕಂಡು ಹೋಗೋರೇ ಹೋದ್ರು. ಬುಡಿ ಸಾರ್, ದ್ಯಾವ್ರು ಇಟ್ಟಂಗಾಗ್ಲಿ.”

ಇದನ್ನು ಅಜ್ಞಾನ ಎನ್ನಬೇಡಿ, ದಯವಿಟ್ಟು. ಕೆಲವು ಮಕ್ಕಳ ರಂಧ್ರ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆ ಮಕ್ಕಳೂ ಹೀಗೇ ಮೈ ತುಂಬಿಕೊಳ್ಳುತ್ತವೆ. ನಿಜವಾಗಿ ಗುಣವಾದ ಮಗು, ಗುಣವಾದಂತೆ ಕಾಣುವ ಮಗು — ಎರಡನ್ನೂ ಎದುರಿಗೆ ಮಲಗಿಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ದೊಡ್ಡ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ, ಬೇಗ, ಅದನ್ನು ಗುರುತಿಸುವುದು ಹೇಗೆ? ಇದೇ ಮೇಡಂ ಬೆನ್ನು ಹತ್ತಿದ್ದ ಪ್ರಶ್ನೆ. ಉತ್ತರ ಸಿಕ್ಕಿರಲಿಲ್ಲ. ಹತ್ತಿರ ಬಂದಿದ್ದರು ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದೂ ಸರಿಯಲ್ಲ. ಎಷ್ಟು ಹತ್ತಿರ ಎಂದು ನನಗೆ ಗೊತ್ತಿಲ್ಲ. ಇದನ್ನು ಯಾರು ಮುಂದುವರಿಸುತ್ತಾರೆ ಎಂಬುದೂ ಇವತ್ತಿಗೆ ತೀರ್ಮಾನವಾಗಿಲ್ಲ. ಸಂಶೋಧನೆ ನಿಂತರೆ ಪೇಪರಿನಲ್ಲಿ ಸುದ್ದಿಯಾಗುವುದಿಲ್ಲ. ಆದರೆ ಅದು ಮತ್ತೆ ಶುರುವಾಗಲಿ ಎಂದು ಈ ಮಕ್ಕಳ ರಕ್ತನಾಳ ಕಾಯುವುದಿಲ್ಲ.

ಪುಟ್ಟಗಂಗಮ್ಮನವರೇ — ಸೋಮವಾರ ಬೆಳಿಗ್ಗೆ ನಾನು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಮಗುವನ್ನು ಒಳಗೆ ನಾನು ಎತ್ತಿಕೊಂಡು ಹೋಗುತ್ತೇನೆ. ಏನು ಬರುತ್ತದೆ ಎಂದು ಹೇಳಲಾರೆ. ಮೇಡಂ ಕೂಡ ಹೇಳಿರಲಿಲ್ಲ. ನಾನು ಅವರಲ್ಲ, ಅದೂ ಗೊತ್ತು. — ತಲೆ ಆಡಿಸಬೇಡಿ ಅಮ್ಮ. ಈಗಲೇ ಉತ್ತರ ಬೇಡ. ಮನೆಗೆ ಹೋಗಿ ಸೊಸೆ ಹತ್ತಿರ ಮಾತಾಡಿ.

ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ದಾಸಯ್ಯ, ಆ ಫ್ಯಾನ್‌ಗಳನ್ನು ಆಫ್ ಮಾಡಿ. ಮಕ್ಕಳು ಸದ್ದು ಮಾಡಿದರೆ ಹೊರಗೆ ಎತ್ತಿಕೊಂಡು ಹೋಗಬೇಡಿ, ಇಲ್ಲೇ ಇರಲಿ. ಮೇಡಂ ದಿನವೂ ನಮ್ಮನ್ನು ಕೇಳುತ್ತಿದ್ದದ್ದು ಇಷ್ಟೇ. ಇವತ್ತು ಅವರ ಪರವಾಗಿ ನಾನು ಕೇಳುತ್ತಿದ್ದೇನೆ.

ಒಂದು ನಿಮಿಷ. ಯಾರೂ ಮಾತಾಡಬೇಡಿ.