ಗೋಡೆ ಮೇಲಿನ ಮಸ್ಕಿ

ಬೇಡ, ಬೇಡ, ಗಾಬರಿ ಆಗ್ಬೇಡ! ಅದು ಮೀನಲ್ಲ ಕಣೇ, ಪಾಚಿ. ಗಾಳದ ಕೋಲಿನ ತುದಿ ಆಗಿಂದ ನಡುಗ್ತಾ ಇತ್ತಲ್ಲ, ಈಗ ಬಗ್ಗಿ ಸುಮ್ಮನೆ ನಿಂತಿದೆ... ಪಾಚಿ ಸಿಕ್ಕಿದ್ರೆ ಹಾಗೇ. ಮಸ್ಕಿ ಮೀನು ಬಾಯಿ ಹಾಕಿದ್ರೆ ಹೀಗಿರುತ್ತಾ? ಕೋಲು ಬುಡದ ತನಕ ಬಗ್ಗಿಬಿಡುತ್ತೆ, ರೀಲು ಕಿರ್ರ್ ಅಂತ ಕಿರುಚುತ್ತೆ! ಸುತ್ತು, ಒಳಗೆ ಎಳ್ಕೋ. ಕೊಕ್ಕೆ ಜೋಪಾನ. ತೆಗೆದ್ಯಾ? ಈಗ ಬಿಡು ನೀರಿಗೆ. ದೋಣಿಯಿಂದ ನಲವತ್ತು ಗಜ ಹಿಂದೆ ಬರ್ತಾ ಇರ್ಲಿ, ಅದರ ಪಾಡಿಗೆ ಅದು...

ಯಾಕೆ ನಗ್ತೀಯ? ನಲವತ್ತು ವರ್ಷದ ಹೆಂಗಸಿಗೆ ಅಪ್ಪ ಪಾಠ ಹೇಳ್ತಿದ್ದಾನೆ ಅಂತಾನಾ? ನಗು, ನಗು. ಬಂದು ಎರಡು ದಿನ ಆಯ್ತು, ಇವತ್ತೇ ಮೊದಲ ಸಲ ನಿನ್ನ ಹಲ್ಲು ಕಂಡಿದ್ದು. ಅಮ್ಮನ ಬೀರು ಖಾಲಿ ಮಾಡ್ತೀನಿ ಅಂತ ಡುಲೂತ್‌ನಿಂದ ಬಂದೆ, ಬಂದಾಗಿಂದ ಹೂಂ, ಉಹೂಂ ಅಷ್ಟೇ. ನಾನೂ ಮಾತಾಡೋದು ಮರೆತುಬಿಟ್ಟಿದ್ದೀನಿ ಕಿರ್ಸ್ಟಿ. ಮಾರ್ಚ್‌ನಲ್ಲಿ ಅವಳು ಹೋದ್ಮೇಲೆ... ಮನೇಲಿ ರೇಡಿಯೋ ಹಾಕಿಟ್ಟಿರ್ತೀನಿ, ಏನೋ ಒಂದು ಗಲಾಟೆ ಇರ್ಲಿ ಅಂತ.

ಕಾಫಿ ಬಗ್ಗಿಸ್ಕೋ. ಚಳಿ ಇದೆ. ಜೂನ್ ಬಂತು, ನೀರಿನ್ನೂ ಬೆಚ್ಚಗಾಗಿಲ್ಲ. ಈಗ ಮಸ್ಕಿ ದಡದ ಹತ್ರಾನೇ ಇರುತ್ತೆ, ಈ ಹೊಸ ಪಾಚಿ ಅಂಚಲ್ಲಿ. ಅದಕ್ಕೇ ಇಷ್ಟು ನಿಧಾನ ಹೋಗ್ತಿರೋದು. ಬೇಸರ ಆಯ್ತಾ? ಇಲ್ವಾ? ಇದೇ ಇದರಲ್ಲಿ ಇರೋದು ಮಗಾ. ಹೋಗ್ತಾ ಇರೋದು, ತಿರುಗಿ ಬರೋದು, ಮತ್ತೆ ಹೋಗೋದು. ಒಂದೊಂದು ಬೇಸಿಗೆ ಪೂರ್ತಿ ಒಂದೂ ಸಿಕ್ಕಲ್ಲ.

ನೋಡು, ನೋಡು, ಆ ದ್ವೀಪದ ಮೂಲೆ! ಅಲ್ಲೇ. ಅಲ್ಲೇ ಕಚ್ಚಿದ್ದು, ಬಾರಿನ ಗೋಡೆ ಮೇಲಿರೋ ಆ ಮಸ್ಕಿ. ಐವತ್ತೊಂದು ಇಂಚು! ನಿಂಗಾಗ ಹನ್ನೊಂದು ವರ್ಷ, ಅಜ್ಜಿ ಮನೇಲಿದ್ದೆ... ಗೊತ್ತು, ಗೊತ್ತು, ನೂರು ಸಲ ಕೇಳಿದ್ದೀಯ. ಇನ್ನೊಂದು ಸಲ ಕೇಳು. ಇದೇ ತರ ಮೋಡ. ಅಮ್ಮ ಮುಂದೆ ಮಳೆಕೋಟು ಹೊದ್ಕೊಂಡು ಗೊರಕೆ ಹೊಡೀತಿದ್ಳು. ಎಡಗಡೆ ಕೋಲು ಢಬ್ ಅಂತ ಬಗ್ತು! ನಾನು ಎದ್ದು ಹಿಡ್ಕೊಂಡೆ. ನಲವತ್ತು ನಿಮಿಷ! ದೋಣಿ ಕೆಳಗೆ ಹೋಗುತ್ತೆ, ಮೇಲೆ ಹಾರುತ್ತೆ, ಬಾಲ ಬಡಿದ್ರೆ ಮುಖಕ್ಕೆಲ್ಲ ನೀರು. ಅಮ್ಮನಿಗೆ ಎಚ್ಚರ ಆದಾಗ ಮೀನು ಅವಳ ಕಾಲ ಹತ್ರ ಬಿದ್ದಿತ್ತು...

ಯಾಕೆ, ನಗಲ್ವಾ? ಇಲ್ಲಿ ನಗ್ತಿದ್ದೆ ನೀನು. ಪ್ರತಿ ಸಲ ಇಲ್ಲೇ ಬಿದ್ದು ಬಿದ್ದು ನಗ್ತಿದ್ದೆ. "ಅಷ್ಟು ಗಲಾಟೇಲಿ ಹೇಗಮ್ಮ ನಿದ್ದೆ ಮಾಡ್ದೆ?" ಅಂತ ಕೇಳ್ತಿದ್ದೆ. ಅವಳು ರೂಬಾರ್ಬ್ ಪೈ ತರ್ತೀನಿ ಅಂತ ಅಡುಗೆಮನೆಗೆ ಎದ್ದು ಹೋಗ್ತಿದ್ಳು.

...ಏನು?

ಏನಾದ್ರೂ ಹೇಳು. ನೀರು ನೋಡ್ಕೊಂಡು ಕೂತ್ರೆ?

ಓಹೋ. ಹಾಗೆ. ಅರ್ಥ ಆಯ್ತು ಬಿಡು... ಆಸ್ಪತ್ರೇಲಿ ಮೂರು ವಾರ ನೀನೇ ಪಕ್ಕದಲ್ಲಿದ್ದೆ. ನಾನು ಬಂದಾಗೆಲ್ಲ ನೀವಿಬ್ರೂ ಮಾತು ನಿಲ್ಲಿಸ್ತಿದ್ರಿ. ನಾನೇನು ಕುರುಡನಾ? ಮಣ್ಣು ಮಾಡಿದ ದಿನವೂ ನೀನು ನನ್ನ ಮುಖ ನೋಡಲಿಲ್ಲ. ಹೇಳಿದ್ದಾಳೆ ಅವಳು. ಆಗ್ಲಿ! ಹೇಳೋ ಹಕ್ಕು ಅವಳಿಗಿತ್ತು. ನನ್ನ ಬಾಯಿಂದಲೇ ಬರ್ಲಿ ಅಂತ ಕಾಯ್ತಾ ಕೂತಿದ್ದೀಯ, ಅಲ್ವಾ? ಅದಕ್ಕೇ ಕರೆದ ಕೂಡಲೇ ದೋಣಿ ಹತ್ತಿದ್ದು.

ಸರಿ. ಅವಳು ನಿದ್ದೆ ಮಾಡ್ತಿರಲಿಲ್ಲ.

ಅವಳ ಕೋಲು ಅದು. ಅವಳೇ ಹಿಡಿದದ್ದು. "ಕೊಡು ಇಲ್ಲಿ, ಕೊಡು, ಕಳೆದುಹಾಕ್ತೀಯ!" ಅಂತ ನಾನು ಅರಚಿದೆ. "ಹಾರ್ಲನ್, ನೀನು ಬಲೆ ಹಿಡ್ಕೊಂಡು ಬಾಯಿ ಮುಚ್ಕೊಂಡಿರು" ಅಂದ್ಳು! ಮಂಡಿ ಊರಿ ಕೂತು, ಹಲ್ಲು ಕಚ್ಕೊಂಡು... ಪೂರ್ತಿ ನಲವತ್ತು ನಿಮಿಷ. ಅಂಗೈ ಎರಡೂ ಸುಲಿದು ಹೋಯ್ತು. ಆ ವಾರ ಪಾತ್ರೆ ಎಲ್ಲ ನಿನ್ನ ಕೈಲಿ ತೊಳೆಸಿದ್ಳು, ನೆನಪಿದೆಯಾ? ಬಿಸಿ ಎಣ್ಣೆ ಬಿತ್ತು ಅಂದಿದ್ಳಲ್ಲ? ಎಣ್ಣೆ ಎಲ್ಲಿಂದ ಬಂತು!

ನಾನು ಬಲೆ ಹಿಡಿದೆ. ಅಷ್ಟೇ ನನ್ನ ಕೆಲಸ.

ಬೇಕು ಅಂತ ಮಾಡಿದ್ದಲ್ಲ ಕಿರ್ಸ್ಟಿ. ಕೇಳು. ಕಟ್ಟೆಗೆ ಬಂದ್ವಿ. ಅವಳು ಬಗ್ಗಿ ದೋಣಿ ಹಗ್ಗ ಕಟ್ತಿದ್ಳು. ಮೀನು ಭಾರ ಅಂತ ನಾನು ಎತ್ಕೊಂಡಿದ್ದೆ. ಬಾರಿನ ರಾಲ್ಫ್ ಓಡಿ ಬಂದ, "ಹಾರ್ಲನ್! ಕೊನೆಗೂ ಹಿಡಿದ್ಯಲ್ಲೋ!" ಅಂದ. ನಾನು... ಹೂಂ ಅಂದೆ.

ಹೂಂ. ಅಷ್ಟೇ. ಒಂದೇ ಒಂದು ಹೂಂ.

ಅವಳು ತಲೆ ಎತ್ತಿ ನೋಡಿದ್ಳು. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ಆಮೇಲೆ ಬಗ್ಗಿ ಮತ್ತೆ ಹಗ್ಗ ಕಟ್ಟಿದ್ಳು. ಜನ ಸೇರಿದ್ರು, ಬೆನ್ನು ತಟ್ಟಿದ್ರು, ಬಿಯರ್ ತಂದ್ರು. ಯಾರೋ ಅವಳ ಕೈಗೇ ಕ್ಯಾಮೆರಾ ಕೊಟ್ರು... ಬಾರಿನಲ್ಲಿ ಮೀನಿನ ಪಕ್ಕ ತೂಗುಹಾಕಿದ್ದಾರಲ್ಲ, ಆ ಫೋಟೋ? ಆ ಸುಲಿದ ಕೈಯಲ್ಲೇ ತೆಗೆದದ್ದು. "ನಗು ಹಾರ್ಲನ್" ಅಂದ್ಳು. ನಕ್ಕೆ! ಆಮೇಲೆ ಮೀನಿನ ಕೆಳಗೆ ನನ್ನ ಹೆಸರಿನ ಹಿತ್ತಾಳೆ ತಗಡು ಹೊಡೆದ್ರು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತಿದ್ದೆ. ಒಂದು ವಾರ ಕಳೆದ ಮೇಲೆ ಹೇಗೆ ಹೇಳೋದು, ಹೇಳು?

ಬೆನ್ನು ನೋವು ಅಂತ ಅವಳು ದೋಣಿ ಹತ್ತೋದು ಬಿಟ್ಟಳು ಅಂತ ಎಲ್ರಿಗೂ ಹೇಳ್ಕೊಂಡು ಬಂದೆ. ಎಂಥ ಬೆನ್ನು ನೋವು? ಎಪ್ಪತ್ತರಲ್ಲೂ ಹಿಮ ಎತ್ತಿ ಹಾಕ್ತಿದ್ಳು. ಪ್ರತಿ ಬೇಸಿಗೆ ಕರೀತಿದ್ದೆ, "ಬಾ ಆರ್ಡಿಸ್, ನೀರು ಚೆನ್ನಾಗಿದೆ." "ನೀನು ಹೋಗಿ ಬಾ" ಅನ್ನೋಳು. ಸಿಟ್ಟಿಲ್ಲ, ಏನಿಲ್ಲ. ಸ್ಯಾಂಡ್‌ವಿಚ್ ಕಟ್ಟಿ ಕೊಡೋಳು. ಇಪ್ಪತ್ತೊಂಬತ್ತು ವರ್ಷ ಆ ಖಾಲಿ ಸೀಟಿನ ಮುಖ ನೋಡ್ಕೊಂಡು ಈ ಕೆರೆ ಸುತ್ತಿದ್ದೀನಿ ನಾನು. ಇವತ್ತು ನೀನು ಕೂತಿದ್ದೀಯ...

ಹೇಳು ಈಗ. ಏನಂದ್ಳು ನಿನ್ನ ಹತ್ರ? ಬೈದ್ಳಾ? ಅತ್ತಳಾ?

ಯಾಕೆ ತಲೆ ಅಲ್ಲಾಡಿಸ್ತೀಯ?

ಏನೂ... ಹೇಳಿಲ್ವಾ?

ಮೀನಿನ ವಿಷಯ ಎತ್ತಲೇ ಇಲ್ವಾ? ಮೂರು ವಾರದಲ್ಲಿ ಒಂದು ಸಲಾನೂ? ಮತ್ತೆ ನಾನು ಬಂದ ಕೂಡಲೇ ಮಾತು ನಿಲ್ಲಿಸ್ತಿದ್ದದ್ದು? ಅವಳ ಕಾಯಿಲೆ ನೋವಿನ ಮಾತಾ... ನನಗೆ ತಿಳೀಬಾರದು ಅಂತ ಅವಳೇ ಅಂದಿದ್ಳಾ? ಹಾಗಾದ್ರೆ ಈ ಎರಡು ದಿನ ನೀನು ಸುಮ್ಮನೆ ಇದ್ದದ್ದು... ಅವಳ ಬಟ್ಟೆ ಮಡಚಿಡ್ತಾ... ಅಮ್ಮ ಇಲ್ಲ ಅಂತ. ಅಷ್ಟೇನಾ?

ಅಯ್ಯೋ ದೇವರೇ.

ನಿನಗೂ ಹೇಳಿಲ್ಲ. ಯಾರಾದ್ರೂ ಬಂದು ಕೇಳ್ತಾರೆ, ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಇಷ್ಟು ವರ್ಷ ಕಾದೆ. ಯಾರಿಗಾದ್ರೂ ಹೇಳಿಯೇ ಇರ್ತಾಳೆ ಅಂದ್ಕೊಂಡಿದ್ದೆ ನಾನು. ಮಗಳಿಗಾದ್ರೂ... ಅವಳು ನನ್ನ ಆ ಹೂಂನ ಹಾಗೇ ಇಟ್ಕೊಂಡು ಹೋಗಿದ್ದಾಳೆ.

ಕಿರ್ಸ್ಟಿ... ಆ ಕಡೆ ತಿರುಗ್ಬೇಡ ಕಣೇ. ಇಲ್ಲಿ ನೋಡು.

ಬೈಯಾದ್ರೂ ಬೈ.