ಕವಚದೊಳಗಿನ ಹೆಸರು

ಮಾಗಿಯ ಚಳಿ. ಕೃಷ್ಣರಾಜಪುರದ ಮಾರುಕಟ್ಟೆಯಲ್ಲಿ ಅವರೆಕಾಯಿ ಮೂಟೆ ಇಳಿಸುತ್ತಿದ್ದರು. ಹಳೆಯ ಆಟಿಕೆ ಕೊಂಡು ಮಾರುವ ಮುನಿರಾಜನ ಅಂಗಡಿಯ ಮುಂದೆ ನಾನು ಬಸ್ಸಿಗೆ ಕಾಯುತ್ತಿದ್ದೆ. ಇಂದಿರಾನಗರದ ಮನೆಯೊಂದರಲ್ಲಿ ಕೆಲಸಕ್ಕಿರುವ ಮಾನಮ್ಮ ಸೆರಗಿನೊಳಗಿಂದ ಗೊಂಬೆಯೊಂದನ್ನು ತೆಗೆದು ಅವನ ಕೈಗಿಟ್ಟಳು.

“ಜಪಾನ್ ಕಾರ್ಟೂನಿನ ವೀರ ಇದು, ಮಾನಮ್ಮ. ಒರಿಜಿನಲ್. ಕವಚ ಬಿಚ್ಚಿ ಹಾಕೋ ಅಂಥದ್ದು. ಎರಡು ಸಾವಿರ ಕೊಡ್ತೀನಿ.”

“ಮಾರಾಕಲ್ರೀ ಅಣ್ಣಾ. ಎದಿ ಕವಚ ಬಿಚ್ಚಿಕೊಡ್ರಿ.”

“ಬರ್ತಿಲ್ವಲ್ಲ. ಯಾರೋ ಬುದ್ಧಿಗೇಡಿ ಅಂಟು ಹಾಕವ್ನೆ.”

“ನಾನರೀ. ಧೂಳ ಒರಸುವಾಗೆಲ್ಲ ಬೀಳ್ತಿತ್ತು. ಕಳದ್ರ ಅಮ್ಮಾರು ಅಳ್ತಾರಂತ ಅಂಟಿಸಿಬಿಟ್ಟೆ.”

“ನಿಮ್ಮ ಅಮ್ಮಾರು ಗೊಂಬೆ ಆಡ್ತಾರಾ?”

“ಅಮ್ಮಾರ ಮಗಂದ್ರೀ. ಜ್ವರದಾಗ ಹೋದ, ಒಂಬತ್ತು ವರ್ಷದಾಂವ. ಕವಚದ ಕೆಳಗ ಪೆನ್ನಿಲೆ ತನ್ನ ಹೆಸರು ಬರದಾನಂತ. ಶುಕ್ರವಾರಕ್ಕೊಮ್ಮಿ ಅಮ್ಮಾರು ಬಿಚ್ಚಿ ನೋಡ್ತಾರಂತ. ಅಡಗಿಯಾಕಿ ಇವತ್ತ ಹೇಳಿದ್ಲು.”

“ಇವತ್ತು ಶುಕ್ರವಾರ.”

“ಹೌದ್ರೀ.”

ಮುನಿರಾಜ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದ.

“ಎಳೆದ್ರೆ ಅಂಟಿನ ಜೊತೆ ಶಾಯಿನೂ ಕಿತ್ಕೊಂಡು ಬರುತ್ತೆ. ಹೆಸರು ಉಳಿಯಲ್ಲ.”

“ಎಳೀದಿದ್ರ?”

“ಒಳಗೇ ಇರುತ್ತೆ. ಯಾರಿಗೂ ಕಾಣಲ್ಲ.”

“ನೋಡಿದ್ದಕ್ಕ ಎಷ್ಟಾತ್ರೀ?”

“ಏನೂ ಬೇಡ, ಹೋಗಮ್ಮ.”

ಅವಳು ಗೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಇಂದಿರಾನಗರದ ಬಸ್ಸು ಬಂತು, ಅವಳು ಹತ್ತಲಿಲ್ಲ. ಎರಡನೆಯದು ಬಂದಾಗ ಹತ್ತಿದಳು.